ದೇವರ ಪಟ

ಪೂಜೆಗೆಂದು ಅಚ್ಚುಹಾಕಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಬಣ್ಣದ ಚಿತ್ರ. 19ನೆಯ ಶತಮಾನದ ಕೊನೆಗೆ ಕಲ್ಲಚ್ಚಿನ ಜೊತೆಯಲ್ಲೇ ಭಾರತದ ಮನೆಗಳನ್ನು ಹೊಕ್ಕಿತು. ಪುಣೆಯ ಚಿತ್ರಶಾಲಾ ಮುದ್ರಣಾಲಯ, ಕಲ್ಕತ್ತೆಯ ಆರ್ಟ್ ಸ್ಟುಡಿಯೋ ಮೊದಲೇ ಈ ಕೆಲಸಕ್ಕೆ ಇಳಿದಿದ್ದವು. ಆದರೆ ದೇವರಿಗೊಂದು ಖಚಿತ ಮುಖ ಕೊಟ್ಟದ್ದು ಚಿತ್ರಕಾರ ರಾಜಾ ರವಿವರ್ಮ (1848–1906) 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅದೇ ಹಾಳೆ ಮತ್ತೆಮತ್ತೆ ಅಚ್ಚಿಗೆ ಹೋಗಿ, ಕೊನೆಯಲ್ಲಿ ವಾರ್ನಿಷ್ ಬಿದ್ದಾಗ ತೈಲಚಿತ್ರದ ಹೊಳಪು ಬರುತ್ತಿತ್ತು.

ಕೊಳದ ತಾವರೆಯ ಮೇಲೆ ನಿಂತ ನಾಲ್ಕು ಕೈಗಳ ಲಕ್ಷ್ಮಿ ಇವುಗಳಲ್ಲಿ ಅತ್ಯಂತ ಪ್ರಸಿದ್ಧ. ಮೈತುಂಬ ಸೀರೆ, ನೇರ ನೋಟ, ಹಿಂದೆ ನಿಜವಾದ ಕೊಳದಂಥ ಕೊಳ. ಕೊಂಡವರು ಹಾಳೆಯ ಮೇಲೆಯೇ ಜರಿ, ಮಣಿ, ಚಮಕಿ ಹೊಲಿದು ದೇವಿಗೆ ಸೀರೆ ಉಡಿಸುತ್ತಿದ್ದರು. ಗುಡಿಯೊಳಗೆ ಕಾಲಿಡಲು ಬಿಡದ ಜಾತಿಗಳವರಿಗೂ ದೇವರು ಎದುರಿಗೇ ಸಿಕ್ಕ. ಜಾತಿಯೇನೂ ಅಳಿಯಲಿಲ್ಲ: ರವಿವರ್ಮನ ಸ್ವಂತ ತಿರುವಾಂಕೂರಿನಲ್ಲೇ ದೇವಾಲಯ ಪ್ರವೇಶದ ಘೋಷಣೆ ಹೊರಬಿದ್ದದ್ದು 1936ರಲ್ಲಿ. ಊರೂರಿಗೆ ಬೇರೆಬೇರೆಯಾಗಿದ್ದ ದೇವಿಯ ರೂಪಗಳನ್ನು ಈ ಒಂದೇ ರೂಪ ಹಿಂದೆ ತಳ್ಳಿದ್ದೂ ನಿಜ.

ಆನಂದ ಕುಮಾರಸ್ವಾಮಿಯಂಥ ಕಲಾ ವಿಮರ್ಶಕರು ರವಿವರ್ಮನ ಚಿತ್ರಗಳನ್ನು ನಾಟಕೀಯವೆಂದು ತಳ್ಳಿಹಾಕಿದರು. ಅವರ ದೃಷ್ಟಿ ಕಲೆಯ ಮೇಲಿತ್ತು. ಮನೆಯವರ ದೃಷ್ಟಿ ದೇವರ ಮೇಲೆ. ರವಿವರ್ಮನ ಮುದ್ರಣಾಲಯದಲ್ಲಿ ದುಡಿದ ದಾದಾಸಾಹೇಬ್ ಫಾಲ್ಕೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಚಲನಚಿತ್ರ ತೆಗೆದರು. ಪುರಾಣದ ಪಾತ್ರಗಳನ್ನು ಗುರುತಿಸಲು ಪ್ರೇಕ್ಷಕರ ಕಣ್ಣು ಪಟದಿಂದ ಆಗಲೇ ಪಳಗಿತ್ತು.

ಪಟದೊಳಗೆ ರಾಜಕೀಯ ಪ್ರವೇಶಿಸಲು ತಡವಾಗಲಿಲ್ಲ. 1905ರ ಬಂಗಾಳ ವಿಭಜನೆಯ ದಿನಗಳಲ್ಲಿ ಅವನೀಂದ್ರನಾಥ ಠಾಕೂರರು ಭಾರತಮಾತೆಗೆ ನಾಲ್ಕು ಕೈ ಬರೆದು ಪುಸ್ತಕ, ಭತ್ತದ ತೆನೆ, ಬಟ್ಟೆ, ಜಪಮಾಲೆ ಕೊಟ್ಟರು. 1931ರಲ್ಲಿ ಭಗತ್ ಸಿಂಗ್ ಗಲ್ಲಿಗೇರಿದ ಮೇಲೆ ಹ್ಯಾಟು ತೊಟ್ಟ ಅವನ ಪಟಗಳು ಸಂತೆಗಳಲ್ಲಿ ಬಿಕರಿಯಾದವು. ಬ್ರಿಟಿಷ್ ಸರ್ಕಾರ ಅಂಥ ಹಲವನ್ನು ನಿಷೇಧಿಸಿತು. ಭಾಷಣ ಓದಲು ಅಕ್ಷರ ಬೇಕು, ಪಟಕ್ಕೆ ಕೈ ಮುಗಿಯಲು ಬೇಡ ಎಂಬುದು ಪೊಲೀಸರಿಗೂ ಗೊತ್ತಿದ್ದಿರಬೇಕು.

ಮುಂದೆ ಶಿವಕಾಶಿಯ ಆಫ್‌ಸೆಟ್ ಯಂತ್ರಗಳು ಕಲ್ಲಚ್ಚಿನ ಜಾಗ ಹಿಡಿದವು. ಪಟ ಅಂಗಡಿಯವರು ಹಂಚುವ ಕ್ಯಾಲೆಂಡರಿಗೂ ಬಂತು. ರವಿವರ್ಮನ ಮೂಲ ಚಿತ್ರಗಳಲ್ಲಿ ಕೆಲವು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ. 1979ರಲ್ಲಿ ಭಾರತ ಸರ್ಕಾರ ಅವನ ಕೃತಿಗಳನ್ನು ರಾಷ್ಟ್ರೀಯ ಕಲಾನಿಧಿಯೆಂದು ಸಾರಿತು. ಅವನ್ನು ದೇಶದಾಚೆ ಮಾರುವಂತಿಲ್ಲ.