ಬಳ್ಳಿಗಾವಿಯಲ್ಲಿ ಪುನರ್ಜನ್ಮದ ಪಾಠವೂ ಇತ್ತು, ರೋಗಕ್ಕೆ ಮದ್ದೂ ಇತ್ತು

ಇವತ್ತಿನ ಕಂತು ಹಿಂದಿನ ಜನ್ಮದ ಬಗ್ಗೆ.

ಕೆಲವರಿಗೆ ನೀರು ಕಂಡ್ರೆ ಎದೆ ಡವಡವ ಅನ್ನುತ್ತೆ. ಇನ್ನು ಕೆಲವರಿಗೆ ಎತ್ತರ ಅಂದ್ರೆ ಕಾಲು ನಡುಗುತ್ತೆ. ಯಾಕೆ ಅಂತ ಕೇಳಿದ್ರೆ ಮನೆಯಲ್ಲಿ ಯಾರಾದ್ರೂ, 'ಹೋದ ಜನ್ಮದ್ದು ಇರಬೇಕು ಬಿಡು' ಅಂತಾರೆ. ಮೊದಲೆಲ್ಲ ಈ ಮಾತು ಅಲ್ಲಿಗೇ ಮುಗೀತಿತ್ತು. ಈಗ ಮೊಬೈಲ್ ತೆಗೆದ್ರೆ 'ಪಾಸ್ಟ್ ಲೈಫ್ ರಿಗ್ರೆಷನ್' ಜಾಹೀರಾತು. ಸಮ್ಮೋಹನ ಮಾಡಿ ಹಿಂದಿನ ಜನ್ಮದ ಗಾಯ ಹುಡುಕಿ ಕೊಡ್ತೀವಿ ಅಂತಾರೆ, ದುಡ್ಡೂ ತಗೋತಾರೆ. ಇದು ನಮ್ಮ ಪ್ರಾಚೀನ ಜ್ಞಾನ ಅಂತ ಬೇರೆ ಸೇರಿಸ್ತಾರೆ.

ಸರಿ, ಪ್ರಾಚೀನರನ್ನೇ ಕೇಳೋಣ. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಅವರು ಕಲ್ಲಲ್ಲೇ ಬರೆಸಿಟ್ಟು ಹೋಗಿದ್ದಾರೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಸ್ಥಾನ ಇದೆ. ಅದಕ್ಕೆ ಸೇರಿದ್ದು ಕೋಡಿಯಮಠ, ಕಾಳಾಮುಖ ಶೈವರ ದೊಡ್ಡ ವಿದ್ಯಾಕೇಂದ್ರ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಈ ಮಠದಲ್ಲಿ ಏನೇನು ನಡೀತಿತ್ತು ಅಂತ ಪಟ್ಟಿ ಕೊಡುತ್ತೆ. ವೇದ, ವ್ಯಾಕರಣ, ದರ್ಶನಗಳು, ಕಾವ್ಯ, ನಾಟಕ. ಅದೇ ಪಟ್ಟಿಯಲ್ಲಿ ಪತಂಜಲಿಯ ಯೋಗಶಾಸ್ತ್ರವೂ ಇದೆ.

ಈ ಯೋಗಶಾಸ್ತ್ರದ ಮೂರನೇ ಪಾದದಲ್ಲಿ ನಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟ ಒಂದು ಸೂತ್ರ ಬರುತ್ತೆ. ಮನಸ್ಸಿನಲ್ಲಿ ಉಳಿದ ಸಂಸ್ಕಾರಗಳನ್ನು ಸಾಕ್ಷಾತ್ ಕಂಡುಕೊಂಡರೆ ಹಿಂದಿನ ಜನ್ಮದ ಅರಿವು ಬರುತ್ತದೆ ಅನ್ನೋದು ಅದರ ತಾತ್ಪರ್ಯ. ಅಂದ್ರೆ ಹಳೇ ಅನುಭವದ ಗುರುತು ಮನಸ್ಸಲ್ಲಿ ಉಳಿಯುತ್ತೆ ಅನ್ನೋ ವಿಚಾರ ಬಳ್ಳಿಗಾವಿಯವರಿಗೆ ಹೊಸದಲ್ಲ. ಆದರೆ ಪತಂಜಲಿಯಲ್ಲಿ ಅದು ವರ್ಷಗಟ್ಟಲೆ ಸಾಧನೆ ಮಾಡಿದ ಯೋಗಿಯ ಮಾತು. ಭಯದಿಂದ ನಿದ್ದೆಗೆಟ್ಟವನಿಗೆ ಒಂದು ಗಂಟೆಯಲ್ಲಿ ಕೊಡುವ ಚಿಕಿತ್ಸೆ ಅಲ್ಲ.

ಹಾಗಾದ್ರೆ ಕಾಯಿಲೆ ಬಿದ್ದವರಿಗೆ ಅಲ್ಲಿ ಏನು ಸಿಗ್ತಿತ್ತು? ಅದೂ ಶಾಸನದಲ್ಲಿದೆ. ದೀನರು, ಕುಂಟರು, ಕುರುಡರು, ಜೈನ ಬೌದ್ಧ ಭಿಕ್ಷುಗಳು, ಎಲ್ಲರಿಗೂ ಅಲ್ಲಿ ಅನ್ನ. ದಿಕ್ಕಿಲ್ಲದ ರೋಗಿಗಳಿಗೆ ಔಷಧಿ. ಕರ್ಮ ಸಿದ್ಧಾಂತವನ್ನು ನಂಬಿದ್ದವರೇ ಅವರು. ಆದರೂ ಬಂದ ರೋಗಿಯನ್ನು 'ನಿನ್ನ ಪೂರ್ವಜನ್ಮದ ಫಲ' ಅಂತ ಹೇಳಿ ವಾಪಸ್ ಕಳಿಸಲಿಲ್ಲ, ಮದ್ದು ಕೊಟ್ಟರು.

ಈಗ ಸೊರಬಕ್ಕೆ ಬನ್ನಿ. ಆ ಕಡೆ ಓಡಾಡಿದವರಿಗೆ ಗೊತ್ತು, ಊರೂರಲ್ಲಿ ವೀರಗಲ್ಲುಗಳು. ದನ ಹೊಡೆದುಕೊಂಡು ಹೋಗೋರನ್ನ ತಡೆದು, ಊರು ಉಳಿಸೋಕೆ ಕಾದಾಡಿ ಸತ್ತವರ ಕಲ್ಲುಗಳು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಕತ್ತಿಯೇಟಿಗೆ ಸತ್ತವನ ಆತ್ಮ ಅಲೆಯುತ್ತಿಲ್ಲ, ನೆಲೆ ಸೇರಿದೆ ಅಂತ ಬದುಕಿರೋರಿಗೆ ಧೈರ್ಯ ಹೇಳೋ ಕಲ್ಲು ಅದು ಅಂತ ನನಗೆ ಅನ್ಸುತ್ತೆ. ಆದರೆ ಬರೀ ಧೈರ್ಯ ಹೇಳಿ ಕೈ ತೊಳೆದುಕೊಳ್ಳುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿ ಇತ್ತು. ಅದರ ಹೆಸರು ನೆತ್ತರುಗೊಡಗೆ.

ಎರಡೂ ಕಡೆ ಗಮನಿಸಿ. ನಂಬಿಕೆಯ ಪಕ್ಕದಲ್ಲೇ ಆರೈಕೆ ಇದೆ. ಇವತ್ತಿನ ಜಾಹೀರಾತಿನಲ್ಲಿ ಬಿಟ್ಟುಹೋಗಿರೋದು ಆ ಎರಡನೇ ಭಾಗ.

ಇನ್ನು ಆಧುನಿಕ ಸಂಶೋಧನೆ. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್ಸನ್, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರೀಚಾ, ಇಬ್ಬರೂ ಹಿಂದಿನ ಜನ್ಮ ನೆನಪಿದೆ ಅನ್ನೋ ಮಕ್ಕಳ ಪ್ರಕರಣಗಳನ್ನ ವರ್ಷಗಟ್ಟಲೆ ದಾಖಲಿಸಿದರು. ಕೊಲೆ, ಅಪಘಾತದಂಥ ಸಾವಿನ ಕಥೆಗಳೇ ಅವುಗಳಲ್ಲಿ ಹೆಚ್ಚು. ಕೆಲವು ಮಕ್ಕಳಿಗೆ ಆ ಸಾವಿಗೆ ಹೊಂದುವ ಭಯವೂ ಇತ್ತು. ಆದರೆ ಪುನರ್ಜನ್ಮದ ನಂಬಿಕೆ ದೇಶದ ಎಲ್ಲಾ ಕಡೆ ಇದ್ದರೂ ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಇಂಥ ವರದಿಗಳು ತೀರಾ ಕಮ್ಮಿ. ಈ ಪ್ರಕರಣಗಳು ಪುನರ್ಜನ್ಮವನ್ನು ಸಾಬೀತು ಮಾಡುತ್ತವೆ ಅಂತ ಹೆಚ್ಚಿನ ವಿಜ್ಞಾನಿಗಳು ಒಪ್ಪಿಲ್ಲ.

ಅದಕ್ಕಿಂತ ಮುಖ್ಯ, ಸಮ್ಮೋಹನದಲ್ಲಿ ಬರುವ ನೆನಪನ್ನು ಸ್ವತಃ ಸ್ಟೀವನ್ಸನ್ ಅವರೇ ನಂಬ್ತಿರಲಿಲ್ಲ. 1991ರಲ್ಲಿ ಕೆನಡಾದ ಮನಃಶಾಸ್ತ್ರಜ್ಞ ನಿಕೋಲಸ್ ಸ್ಪಾನೋಸ್ ಮತ್ತು ಜೊತೆಗಾರರ ಪ್ರಯೋಗಗಳು ಪ್ರಕಟವಾದವು. ಸಮ್ಮೋಹನಕ್ಕೆ ಮೊದಲು ಏನು ಸುಳಿವು ಕೊಟ್ಟಿದ್ದರೋ ಅದಕ್ಕೆ ತಕ್ಕ ಹಿಂದಿನ ಜನ್ಮವೇ ಜನರಿಗೆ 'ನೆನಪಾಯ್ತು'. ಹಳೇ ಕಾಲದಲ್ಲಿ ಮಕ್ಕಳನ್ನ ಹಿಂಸಿಸ್ತಿದ್ರು ಅಂತ ಕೇಳಿದವರು ಹಿಂದಿನ ಜನ್ಮದ ಬಾಲ್ಯದಲ್ಲಿ ಹೆಚ್ಚು ಹಿಂಸೆ ಕಂಡರು. ಅಂದ್ರೆ ಗಾಯ ವಾಸಿ ಮಾಡ್ಕೊಳ್ಳೋಕೆ ಹೋದವರು ಇಲ್ಲದ ಗಾಯ ಹೊತ್ಕೊಂಡು ಬರಬಹುದು. ಈ ಜನ್ಮದಲ್ಲೇ ಆದ ಅಪಘಾತ, ಮನೆಯ ಹೊಡೆತ, ಶಾಲೆಯ ಅವಮಾನ, ಇವು ಕೇಳೋರಿಲ್ಲದೆ ಹಾಗೇ ಉಳೀಬಹುದು.

ಪುನರ್ಜನ್ಮ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದರೆ ಕಾರಣ ಗೊತ್ತಿಲ್ಲದ ಭಯ ನಿದ್ದೆ, ಓದು, ಕೆಲಸ ಕೆಡಿಸ್ತಿದ್ರೆ ಮನೋವೈದ್ಯರನ್ನೋ ಮನಃಶಾಸ್ತ್ರಜ್ಞರನ್ನೋ ಮೊದಲು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಶಿಕಾರಿಪುರ ಕಡೆ ಹೋದ್ರೆ ಬಳ್ಳಿಗಾವಿಯ ಕೇದಾರೇಶ್ವರ ನೋಡ್ಕೊಂಡು ಬನ್ನಿ. ಮುಂದಿನ ಕಂತಲ್ಲಿ ಸಿಗೋಣ.