ಪ್ರಶ್ನೆ ಮರಳುವ ದಾರಿ

ಕೆಂಗೇರಿಯಲ್ಲಿ ನಾನು ಮಾತಾಡಿಸುವ ವಿದ್ಯಾರ್ಥಿಗಳಿಗೆ ವಾಟ್ಸಾಪಿನಲ್ಲಿ ಬಂದ ಪಿಡಿಎಫ್ ಕೂಡ ಇ-ಕಲಿಕೆಯೇ. ಹಾಗೆನ್ನಬಹುದೇ? ಹಿಂದಿನ ಎರಡು ಪ್ರಯೋಗಗಳನ್ನು ನೋಡೋಣ.

1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳ ಟಿವಿಗಳಿಗೆ ಕಾರ್ಯಕ್ರಮ ತಲುಪಿತು. ನಮ್ಮಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿದ್ದವು. ಬೆಳಗಿನ ಶಾಲಾ ಪಾಠವನ್ನು ಮಕ್ಕಳು ನೋಡಬಹುದಿತ್ತು, ಪರದೆಯನ್ನು ಪ್ರಶ್ನಿಸುವಂತಿರಲಿಲ್ಲ.

2004ರ ಸೆಪ್ಟೆಂಬರ್ 20ರಂದು ಇಸ್ರೋ ಹಾರಿಸಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ರೂಪುಗೊಂಡ ಉಪಗ್ರಹ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದರ ಮೊದಲ ಬಳಕೆದಾರರಲ್ಲೊಂದು. ದೂರದ ತರಗತಿಯಿಂದ ಪಾಠದ ನಡುವೆಯೇ ಮೇಷ್ಟ್ರನ್ನು ಪ್ರಶ್ನಿಸಲು ಈಗ ಸಾಧ್ಯವಾಯಿತು.

ಹಾಗಾಗಿ ನನ್ನ ಅಳತೆಗೋಲು ಇಷ್ಟೇ: ಕಲಿಯುವವರ ಪ್ರಶ್ನೆ ಕಲಿಸುವವರನ್ನು ಮುಟ್ಟುತ್ತದೆಯೇ? ಮುಟ್ಟದಿದ್ದರೆ ಪಿಡಿಎಫ್ ಬರೀ ನೋಟ್ಸು. ಅದನ್ನೇ ತರಗತಿಯೆಂದು ಲೆಕ್ಕಕ್ಕೆ ಹಿಡಿದರೆ ನಷ್ಟ ವಿದ್ಯಾರ್ಥಿಗೆ.