ಸೊಂಟದ ಕತ್ತಿಯಿಂದ ಜೇಬಿನ ಚಾಕುವಿನವರೆಗೆ



ಒಂದು ನಾಡಿನ ಚರಿತ್ರೆಯನ್ನು ತಿಳಿಯಬೇಕಾದರೆ ಅಲ್ಲಿನ ಕೋಟೆಗಳನ್ನೂ ಶಾಸನಗಳನ್ನೂ ನೋಡಬೇಕೆಂದು ತರಗತಿಯಲ್ಲಿ ನಾವು ಹೇಳುತ್ತ ಬಂದಿದ್ದೇವೆ. ಅದು ಸರಿಯೇ. ಆದರೆ ಆ ನಾಡಿನ ಜನ ದಿನನಿತ್ಯ ಏನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದರು ಎಂಬುದೂ ಒಂದು ಶಾಸನವೇ. ಮನುಷ್ಯನು ಹೊರೆಯನ್ನು ಸುಮ್ಮನೆ ಹೊರುವುದಿಲ್ಲ. ಗಳಿಗೆಗೊಮ್ಮೆ ಬೇಕಾಗುವುದನ್ನು ಮಾತ್ರ ಮೈಮೇಲೆ ಇಟ್ಟುಕೊಳ್ಳುತ್ತಾನೆ. ವಿದೇಶಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಹಲವರು ಇಂದು ಜೇಬಿನಲ್ಲಿ ಒಯ್ಯುವ ಬಹುಪಯೋಗಿ ಚಾಕುಗಳನ್ನು ನಮ್ಮ ಕೊಡಗಿನ ಕತ್ತಿಗಳೊಡನೆ ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ.

ಕೊಡವರ ಸಾಂಪ್ರದಾಯಿಕ ಉಡುಪಿನಲ್ಲಿ ಎರಡು ಕತ್ತಿಗಳಿಗೆ ಸ್ಥಾನವಿದೆ. ಬೆನ್ನ ಹಿಂದೆ ತೋಡಂಗ್ ಎಂಬ ಹಿತ್ತಾಳೆಯ ಕೊಂಡಿಯಲ್ಲಿ ನಿಲ್ಲುವುದು ಒಡಿಕತ್ತಿ. ಹಿಡಿಯ ಬಳಿ ಕಿರಿದಾಗಿ, ಮುಂದಕ್ಕೆ ಹೋದಂತೆ ಅಗಲವಾಗಿ ಬಾಗಿರುವ ಈ ಅಲಗಿನ ಒಳಬಾಗಿಗೇ ಹರಿತ. ಅದಕ್ಕೆ ಒರೆಯಿಲ್ಲ, ಕೈ ಹಿಂದಕ್ಕೆ ಹೋದೊಡನೆ ಕತ್ತಿ ಕೈಗೆ ಬರುತ್ತದೆ. ದಟ್ಟ ಕಾಡಿನಲ್ಲಿ ಹತ್ತಿರದಿಂದ ಹೋರಾಡಬೇಕಾದ ಜನಕ್ಕೆ ತಕ್ಕ ಆಯುಧ ಅದು. ಇಂದು ಮದುವೆಯಲ್ಲಿ ಬಾಳೆಯ ದಿಂಡುಗಳನ್ನು ಕಡಿಯುವ ಸಂಪ್ರದಾಯದಲ್ಲಿ ಅದರ ಬಲವನ್ನು ಕಾಣಬಹುದು.

ಎರಡನೆಯದು, ಸೊಂಟಕ್ಕೆ ಸುತ್ತಿದ ಕೆಂಪು ಚೇಲೆಯಲ್ಲಿ ಮುಂಭಾಗಕ್ಕೆ ಸಿಕ್ಕಿಸುವ ಪೀಚೆಕತ್ತಿ. ಸುಮಾರು 7 ಅಂಗುಲದ, ಒಂದೇ ಮಗ್ಗುಲಿಗೆ ಹರಿತವಿರುವ ಅಗಲವಾದ ಅಲಗು. ಕೆಲವು ಹಿಡಿಗಳ ತುದಿ ಗಿಳಿಯ ತಲೆಯ ಆಕಾರದಲ್ಲಿರುತ್ತದೆ. ಒರೆ ಮರದ್ದು, ಅದರ ಮೇಲೆ ಬೆಳ್ಳಿ ಅಥವಾ ಹಿತ್ತಾಳೆಯ ಹೊದಿಕೆ. ಮದುವೆಯ ಛಾಯಾಚಿತ್ರಗಳಲ್ಲಿ ಇದನ್ನು ನೋಡಿದವರು ಆಭರಣವೆಂದೇ ತಿಳಿಯುತ್ತಾರೆ. ಆದರೆ ಹಳೆಯ ಪೀಚೆಕತ್ತಿಯ ಒರೆಯಿಂದ ಇಳಿಬಿದ್ದ ಬೆಳ್ಳಿಯ ಸರಪಣಿಗಳ ತುದಿಯನ್ನು ಗಮನಿಸಿ ನೋಡಿ. ಅಲ್ಲಿ ಮುಳ್ಳು ಕೀಳುವ ಚಿಮಟ, ಕಿವಿಯ ಗುಗ್ಗೆ ತೆಗೆಯುವ ಪುಟ್ಟ ಚಮಚ, ಉಗುರಿನ ಸಂದು ಶುಚಿಗೊಳಿಸುವ ಕಡ್ಡಿ ಇವೆಲ್ಲ ತೂಗುತ್ತಿರುತ್ತವೆ. ಅಂದರೆ ಒಂದು ಅಲಗು, ಅದರೊಡನೆ ಮೂರು ನಾಲ್ಕು ಕಿರುಸಾಧನಗಳು, ಎಲ್ಲವೂ ಒಂದೇ ಒರೆಯಲ್ಲಿ! ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಅಪ್ಪಟ ಮಲ್ಟಿ-ಟೂಲ್.

ಪೀಚೆಕತ್ತಿ ಮೂಲತಃ ಕೆಲಸದ ಚಾಕುವೇ ಎಂಬುದಕ್ಕೆ ಭಾಷೆಯೂ ಸಾಕ್ಷಿ ನುಡಿಯುತ್ತದೆ. ನೆರೆಯ ಮಲಯಾಳದಲ್ಲಿ ಪಿಚ್ಚಾತ್ತಿ ಎಂದರೆ ಇಂದಿಗೂ ಸಾಮಾನ್ಯ ಚಾಕು.

ಇಂಥ ಜಾಣ್ಮೆ ಕೊಡಗಿಗೆ ಮಾತ್ರ ಸೀಮಿತವಲ್ಲ. ನಮ್ಮ ಕುಶಾಲನಗರದಿಂದ ಕಾವೇರಿಯನ್ನು ದಾಟಿದರೆ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದು ನೆಲೆಸಿದ ಟಿಬೆಟನ್ನರ ಪರಂಪರೆಯಲ್ಲೂ ಚಕಮಕಿಯ ಚರ್ಮದ ಚೀಲ ನಡುಪಟ್ಟಿಯಿಂದ ತೂಗುತ್ತಿತ್ತು. ಚಾಕುವೂ ಊಟದ ಕಡ್ಡಿಗಳೂ ಒಂದೇ ಒರೆಯಲ್ಲಿ ಕೂಡಿರುವ ಜೋಡಣೆಯೂ ಅವರಲ್ಲಿತ್ತು. ಮಲೆನಾಡಿನ ಹಿರಿಯರ ಎಲೆಅಡಿಕೆ ಸಂಚಿ, ಅಡಕತ್ತರಿ, ಸುಣ್ಣದ ಡಬ್ಬಿಗಳ ಕೂಟವನ್ನು ನೀವೆಲ್ಲ ಕಂಡವರೇ. ಇನ್ನೂ ಹಿಂದಕ್ಕೆ ಹೋದರೆ, ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ಕ್ರಿ.ಶ. 3ನೆಯ ಶತಮಾನದ ರೋಮನ್ ಸಾಧನವೊಂದಿದೆ. ಬೆಳ್ಳಿಯ ಚೌಕಟ್ಟಿನೊಳಗೆ ಚಮಚ, ಮುಳ್ಳುಚಮಚ, ಕಬ್ಬಿಣದ ಅಲಗು, ಹಲ್ಲುಕಡ್ಡಿ ಎಲ್ಲವೂ ಮಡಿಚಿಕೊಳ್ಳುತ್ತವೆ.

ಇನ್ನು ಆಧುನಿಕ ಚಾಕುವಿನ ಕಥೆ. 1889ರಲ್ಲಿ ಸ್ವಿಟ್ಸರ್ಲೆಂಡಿನ ಸೇನೆ ಹೊಸ ಬಂದೂಕನ್ನು ಸ್ವೀಕರಿಸಿತು. ಅದನ್ನು ಬಿಚ್ಚಿ ಜೋಡಿಸಲು ಸ್ಕ್ರೂಡ್ರೈವರ್ ಬೇಕು, ಡಬ್ಬಿಯ ಆಹಾರ ತೆರೆಯಲು ಮತ್ತೊಂದು ಸಾಧನ ಬೇಕು. ಹೀಗಾಗಿ ಅಲಗು, ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ ಮತ್ತು ಸ್ಕ್ರೂಡ್ರೈವರ್ ಇರುವ ಸೈನಿಕರ ಚಾಕು ರೂಪುಗೊಂಡಿತು. ಮೊದಲ ಕಂತು ಬಂದದ್ದು ಜರ್ಮನಿಯ ಜೋಲಿಂಗನ್‌ನಿಂದ. 1891ರಲ್ಲಿ ಕಾರ್ಲ್ ಎಲ್ಸೆನರ್ ಎಂಬ ಕುಶಲಕರ್ಮಿ ಸ್ವದೇಶದಲ್ಲೇ ತಯಾರಿಸಿ ಒದಗಿಸತೊಡಗಿದ. 1897ರಲ್ಲಿ ಹಗುರವಾದ ಅಧಿಕಾರಿಗಳ ಚಾಕುವನ್ನು ನೋಂದಾಯಿಸಿದ. ಅದೇ ಇಂದಿನ ವಿಕ್ಟೋರಿನಾಕ್ಸ್ ಚಾಕುವಿನ ಪೂರ್ವಜ. ಮುಂದೆ 1975ರಲ್ಲಿ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪನ್ನು ಸುತ್ತುತ್ತಿದ್ದ ಅಮೆರಿಕದ ಟಿಮ್ ಲೆದರ್‌ಮನ್ ಎಂಬಾತನಿಗೆ ಕೆಟ್ಟ ಕಾರಿಗೂ ಸೋರುವ ನಲ್ಲಿಗೂ ಜೇಬಿನ ಚಾಕು ಸಾಲದೆ ಹೋಯಿತು, ಬೇಕಾದದ್ದು ಇಕ್ಕಳ. ಇಕ್ಕಳವನ್ನೇ ನಡುವಿಟ್ಟು, ಹಿಡಿಗಳೊಳಗೆ ಉಳಿದ ಸಾಧನಗಳನ್ನು ಮಡಿಚಿಟ್ಟ ಅವನ ಉಪಕರಣ 1983ರಲ್ಲಿ ಮಾರುಕಟ್ಟೆಗೆ ಬಂದಿತು.

ಇವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸತ್ಯ ಹೊಳೆಯುತ್ತದೆ. ಪೀಚೆಕತ್ತಿಯಲ್ಲಿ ಸ್ಕ್ರೂಡ್ರೈವರ್ ಇಲ್ಲ, ಏಕೆಂದರೆ ಅಂದಿನ ಐನ್‌ಮನೆಯಲ್ಲಿ ಗಳಿಗೆಗೊಮ್ಮೆ ಬಿಚ್ಚಬೇಕಾದ ಸ್ಕ್ರೂ ಇರಲಿಲ್ಲ. ಕಾಡಿನ ದಾರಿಯಲ್ಲಿ ಮುಳ್ಳು ಇತ್ತು, ಅದಕ್ಕೇ ಚಿಮಟ. ಸ್ವಿಸ್ ಚಾಕು ಬಂದೂಕಿನ ತಿರುಪಿನಿಂದ ಹುಟ್ಟಿತು. ಲೆದರ್‌ಮನ್ ಮೋಟಾರು ಮತ್ತು ಕೊಳಾಯಿಗಳ ಯುಗದ ಕೂಸು. ಬಳಕೆಯ ದೃಷ್ಟಿಯಿಂದಲೂ ಗುಣದೋಷಗಳುಂಟು. ಮಡಿಚುವ ಚಾಕು ಜೇಬಿಗೆ ಹಗುರ, ಆದರೆ ಮಡಿಕೆಯ ಕೀಲೇ ಅದರ ದುರ್ಬಲ ಸ್ಥಾನ. ಪೀಚೆಕತ್ತಿಗೆ ಕೀಲಿಲ್ಲ, ಊರಿನ ಕಮ್ಮಾರನೇ ಅದನ್ನು ಸಾಣೆ ಹಿಡಿದು ಸರಿಪಡಿಸಬಲ್ಲ. ಆದರೆ ಪೇಟೆಯ ಉಡುಪಿಗೆ ಅದು ಹೊಂದದು. ಹಲವೆಡೆ ವಿಮಾನದಲ್ಲಿ ಚಾಕುವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ ಎಂಬುದನ್ನು ಪ್ರಯಾಣಿಕರು ಮರೆಯಬಾರದು.

ಇಲ್ಲಿ ಮೂರನೆಯ ಕತ್ತಿಯೊಂದನ್ನು ನೆನೆಯದಿದ್ದರೆ ಚರಿತ್ರೆ ಅಪೂರ್ಣ. ಕಾಫಿತೋಟದ ಕಾರ್ಮಿಕನ ಕೈಯಲ್ಲಿರುವ ಸಾಧಾರಣ ಕತ್ತಿ ನೆರಳುಮರದ ಕೊಂಬೆ ಸವರುತ್ತದೆ, ಸೌದೆ ಸೀಳುತ್ತದೆ, ಹಲಸು ಬಿಡಿಸುತ್ತದೆ, ಎಳನೀರು ಕೆತ್ತುತ್ತದೆ. ಹಲವು ಅಲಗುಗಳ ಕೆಲಸವನ್ನು ಒಂದೇ ಅಲಗಿನಿಂದ ತೆಗೆಯುವುದು ಕೈಯ ಕೌಶಲ. ಬೆಳ್ಳಿಯಿಲ್ಲದ ಈ ಕತ್ತಿಯನ್ನು ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಡುವವರಿಲ್ಲ; ಆದರೆ ಕೊಡಗಿನ ತೋಟಗಳು ನಿಂತಿರುವುದು ಅದರ ಬಲದ ಮೇಲೆ.

ಆಯುಧಕ್ಕೂ ಉಪಕರಣಕ್ಕೂ ನಡುವಿನ ಗೆರೆ ನಮ್ಮಲ್ಲಿ ಸದಾ ತೆಳುವೇ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. ನಮ್ಮ ಊರಿಗೆ ಫ್ರೇಸರ್‌ಪೇಟೆ ಎಂಬ ಹೆಸರು ಬಂದದ್ದು ಆ ಕಾಲದ ಅಧಿಕಾರಿ ಫ್ರೇಸರನಿಂದ. 1857ರ ದಂಗೆಯ ನಂತರ ದೇಶದ ಜನರನ್ನು ನಿರಾಯುಧಗೊಳಿಸುತ್ತಿದ್ದಾಗ, 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗಿನವರಿಗೆ ವಿನಾಯಿತಿ ನೀಡಿದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ನಾಟಿಯ ಕೆಲಸ ಮುಗಿಸಿದ ಮನೆಗಳು ಆಯುಧಗಳನ್ನು ಪೂಜಿಸುತ್ತವೆ. ಬಂದೂಕಿಗೆ ಕಾನೂನಿನ ಕಾವಲಿದೆ, ಹಬ್ಬದ ಗೌರವವಿದೆ. ಪೀಚೆಕತ್ತಿಯ ತುದಿಯ ಆ ಪುಟ್ಟ ಚಿಮಟಕ್ಕೆ ಯಾರ ಕಾವಲಿದೆ?

ಬೆಳ್ಳಿಯ ಬೆಲೆ ಏರಿದಂತೆ ಹಳೆಯ ಒರೆಗಳು ಕರಗುವ ಅಪಾಯ ಹೆಚ್ಚು. ಕಳಚಿಬಿದ್ದ ಕಡ್ಡಿ, ಚಮಚಗಳು ಏನೆಂದು ತಿಳಿಯದೆ ಕಳೆದುಹೋಗುತ್ತವೆ. ಒಮ್ಮೆ ಕರಗಿದರೆ ಉಳಿಯುವುದು ಲೋಹದ ತೂಕ ಮಾತ್ರ. ಅದನ್ನು ಮಾಡಿದ ಕಮ್ಮಾರನ, ಅಕ್ಕಸಾಲಿಗನ ಕೈಗುರುತು ಅಳಿಸಿಹೋಗುತ್ತದೆ.

ಆದ್ದರಿಂದ ನನ್ನದೊಂದು ವಿನಂತಿ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇಂಥದೊಂದು ಇದ್ದರೆ ತೆಗೆದು ನೋಡಿ. ಸರಪಣಿಯಲ್ಲಿ ಏನೇನಿದೆ ಎಂದು ಎಣಿಸಿ, ಛಾಯಾಚಿತ್ರ ತೆಗೆದಿಡಿ. ಯಾರ ಕಾಲದ್ದು, ಎಲ್ಲಿ ಮಾಡಿಸಿದ್ದು, ಯಾವ ಕಡ್ಡಿ ಯಾವ ಕೆಲಸಕ್ಕೆ ಎಂದು ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದುಕೊಳ್ಳಿ. ಜೇಬಿನಲ್ಲಿ ಸ್ವಿಸ್ ಚಾಕು ಇರಲಿ, ಬೇಡವೆನ್ನುವುದಿಲ್ಲ. ಆದರೆ ಅದರ ಅಣ್ಣನೊಬ್ಬ ನಿಮ್ಮ ಮನೆಯಲ್ಲೇ ಇರಬಹುದು ಎಂಬುದು ನೆನಪಿರಲಿ.